ತೀರಿಕೊಂಡ ಟಿವಿ ಕಲಾವಿದರ ವಿವರ ಪರಿಶೀಲನೆ: ಯಾವ ಸೇವೆ ಯಾವುದಕ್ಕೆ, ಎಷ್ಟರಮಟ್ಟಿಗೆ

ಅಮೆರಿಕದ ಹಳೆಯ ಟಿವಿ ಕಲಾವಿದರೊಬ್ಬರ ಜನ್ಮವರ್ಷ ಐದು ಕಡೆ ಒಂದೇ ರೀತಿ ಕಂಡರೂ ಅದನ್ನು ಸರಿ ಎಂದು ಬರೆದುಕೊಳ್ಳುವಂತಿಲ್ಲ. ಐದೂ ಕಡೆಯವರು ಒಂದೇ ಪ್ರಚಾರ ಟಿಪ್ಪಣಿಯಿಂದ ಎತ್ತಿಕೊಂಡಿರಬಹುದು. ವಯಸ್ಸು ಇಳಿಸುವುದು, ಹುಟ್ಟೂರು ಬದಲಿಸುವುದು ಆ ಕಾಲದ ಪ್ರಚಾರದಲ್ಲಿ ಮಾಮೂಲಿ. ‘ಐ ಲವ್ ಲೂಸಿ’ ಟಿವಿ ಸರಣಿಯ ಲುಸಿಲ್ ಬಾಲ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ, 1911ರ ಆಗಸ್ಟ್ 6ರಂದು. ಆದರೂ ಮೊಂಟಾನಾದ ಬ್ಯೂಟ್ ಅವರ ಹುಟ್ಟೂರು ಎಂಬ ಮಾತು ಎಷ್ಟೋ ಕಾಲ ಅಚ್ಚಾಗುತ್ತಿತ್ತು. ಹಾಗಾಗಿ ಇಲ್ಲಿ ಇಂಥ ವಿವರ ಹುಡುಕಲು ಸಿಗುವ ಪ್ರತಿಯೊಂದು ಸೇವೆಯನ್ನೂ ಒಂದೇ ಅಳತೆಯಿಂದ ನೋಡಲಾಗಿದೆ: ಆ ಮಾಹಿತಿಯನ್ನು ಮೊದಲು ಹೇಳಿದವರು ಯಾರು, ಅವರಿಗೆ ಅದು ಖುದ್ದು ಗೊತ್ತಿತ್ತೇ, ಹೇಳಿದ್ದು ಘಟನೆ ನಡೆದು ಎಷ್ಟು ಕಾಲಕ್ಕೆ?

ಎಲ್ಲರೂ ಮೊದಲು ತೆರೆಯುವುದು ಐಎಮ್‌ಡಿಬಿ. 1990ರಲ್ಲಿ ಸಿನಿಮಾಪ್ರಿಯರು ಕೂಡಿಸಿದ ಪಟ್ಟಿಯಾಗಿ ಶುರುವಾಗಿ, 1998ರಲ್ಲಿ ಅಮೆಜಾನ್ ಕೈಸೇರಿತು. ಯಾರು ಯಾವ ಕಂತಿನಲ್ಲಿ ಯಾವ ಪಾತ್ರ ಮಾಡಿದರು ಎಂಬುದಕ್ಕೆ ಇದಕ್ಕಿಂತ ವಿಸ್ತಾರವಾದ ಪಟ್ಟಿ ಸಿಗುವುದು ಕಷ್ಟ. ಹುಟ್ಟು, ಮದುವೆ, ಹೆತ್ತವರ ಹೆಸರುಗಳಿಗೆ ಮಾತ್ರ ಇದನ್ನು ಸುಳಿವೆಂದಷ್ಟೇ ನೋಡಬೇಕು. ಏಕೆಂದರೆ ವಿವರಗಳನ್ನು ಬಳಕೆದಾರರು ಕಳಿಸುತ್ತಾರೆ, ಆಧಾರ ಯಾವುದೆಂದು ಪುಟದಲ್ಲಿ ಕಾಣಿಸುವುದಿಲ್ಲ. ಒಂದೇ ಹೆಸರಿನ ಇಬ್ಬರ ಕೆಲಸ ಒಂದೇ ಪುಟದಲ್ಲಿ ಸೇರಿಹೋಗುವುದೂ ಉಂಟು. ಹನ್ನೆರಡನೇ ವಯಸ್ಸಿಗೆ ಪೊಲೀಸ್ ಅಧಿಕಾರಿಯ ಪಾತ್ರ, ಸತ್ತು ಆರು ವರ್ಷಕ್ಕೆ ಹೊಸ ಸರಣಿ, ಇಂಥದ್ದು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಆದರೆ ತೀರಿಕೊಂಡ ಕೆಲವು ತಿಂಗಳ ನಂತರ ಪ್ರಸಾರವಾದ ಕಂತು ತಪ್ಪೇನಲ್ಲ, ಚಿತ್ರೀಕರಣ ಮೊದಲೇ ಮುಗಿದಿರುತ್ತದೆ. ಹಳೆಯ ದೃಶ್ಯ ಮರುಬಳಕೆಯಾಗಿದ್ದರೆ ‘ಆರ್ಕೈವ್ ಫೂಟೇಜ್’ ಎಂದು ಪಕ್ಕದಲ್ಲೇ ಇರುತ್ತದೆ. ಹಣ ಕೊಟ್ಟು ಪಡೆಯುವ ಐಎಮ್‌ಡಿಬಿಪ್ರೊ ಬದುಕಿರುವವರ ಏಜೆಂಟರನ್ನು ಹುಡುಕಲು ಇರುವಂಥದ್ದು, ಈ ಕೆಲಸಕ್ಕೆ ಬೇಡವೇ ಬೇಡ.

ಇದೇ ತಾಣದಲ್ಲಿ ವಯಸ್ಸು ಪ್ರಕಟಿಸುವುದರ ವಿರುದ್ಧ ಕ್ಯಾಲಿಫೋರ್ನಿಯಾ 2016ರಲ್ಲಿ ಕಾನೂನನ್ನೇ ಮಾಡಿತ್ತು. ಫೆಡರಲ್ ನ್ಯಾಯಾಲಯ 2018ರಲ್ಲಿ ಅದನ್ನು ರದ್ದುಮಾಡಿತು, 2020ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ವಯಸ್ಸು ಮುಚ್ಚಿಡುವ ಒತ್ತಡ ಆ ವೃತ್ತಿಯಲ್ಲಿ ಎಷ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೆಸರಿನ ವಿಷಯಕ್ಕೂ ಇದೇ ಎಚ್ಚರ ಬೇಕು. ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ಎಂಬ ನಟರ ಸಂಘದಲ್ಲಿ ಒಬ್ಬರ ವೃತ್ತಿನಾಮ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. 1996ರಲ್ಲಿ ತೀರಿಕೊಂಡ ಟಿವಿ ನಟ ಮೈಕಲ್ ಫಾಕ್ಸ್ ಆ ಹೆಸರಿನಲ್ಲಿ ಮೊದಲೇ ಸದಸ್ಯರಾಗಿದ್ದರಿಂದ, ಕಿರಿಯ ನಟ ತಮ್ಮ ಹೆಸರಿಗೆ ‘ಜೆ’ ಸೇರಿಸಿ ಮೈಕಲ್ ಜೆ. ಫಾಕ್ಸ್ ಆದರು. ಅವರ ನಿಜವಾದ ನಡುಹೆಸರು ಆಂಡ್ರ್ಯೂ. ತೆರೆಯ ಹೆಸರಿನಲ್ಲಿರುವ ಅಕ್ಷರವನ್ನು ನಂಬಿ ಸರ್ಕಾರಿ ದಾಖಲೆಯಲ್ಲಿ ಹುಡುಕಿದರೆ ಏನೂ ಸಿಗದೇ ಇರುವುದು ಹೀಗಾಗಿಯೇ.

ಫೈಂಡ್ ಎ ಗ್ರೇವ್ 1995ರಲ್ಲಿ ಹುಟ್ಟಿದ, ಸಮಾಧಿಗಳ ವಿವರ ಕೂಡಿಸುವ ತಾಣ, 2013ರಿಂದ ಆ್ಯನ್ಸೆಸ್ಟ್ರಿ ಎಂಬ ವಂಶಾವಳಿ ಕಂಪನಿಯ ಒಡೆತನದಲ್ಲಿದೆ. ಉಚಿತ. ಗೋರಿಕಲ್ಲಿನ ಸ್ಪಷ್ಟ ಫೋಟೊ ಇದ್ದರೆ ಮರಣದಿನಕ್ಕೆ ಇದು ಒಳ್ಳೆಯ ಆಧಾರ. ಫೋಟೊ ಇಲ್ಲದ ಪುಟಕ್ಕೆ ಐಎಮ್‌ಡಿಬಿಗಿಂತ ಹೆಚ್ಚಿನ ತೂಕ ಕೊಡಬಾರದು, ಅದನ್ನೂ ಯಾರೋ ಸ್ವಯಂಸೇವಕರು ಬರೆದಿರುತ್ತಾರೆ. ಕಲ್ಲಿನ ಮೇಲಿನ ಜನ್ಮವರ್ಷವೂ ಕುಟುಂಬದವರು ಹೇಳಿ ಕೆತ್ತಿಸಿದ್ದು, ಕಲಾವಿದರು ಮನೆಯವರಿಗೂ ವಯಸ್ಸು ಕಡಿಮೆ ಹೇಳಿದ್ದರೆ ಕಲ್ಲಿಗೂ ಅದೇ ಇಳಿಯುತ್ತದೆ. ಅಸ್ಥಿ ಅಲ್ಲಿಲ್ಲದ, ಬರೀ ನೆನಪಿನ ಕಲ್ಲುಗಳಿಗೆ ‘ಸೆನೊಟಾಫ್’ ಎಂಬ ಗುರುತು ಇರುತ್ತದೆ, ಅದನ್ನು ಗಮನಿಸದೆ ಸಮಾಧಿಯ ಊರು ಬರೆಯಬೇಡಿ. ಸ್ಥಳಾಂತರವೂ ಗೊಂದಲ ತರುತ್ತದೆ. ಲುಸಿಲ್ ಬಾಲ್ ಅವರ ಅಸ್ಥಿ ಮೊದಲು ಲಾಸ್ ಏಂಜಲೀಸ್‌ನ ಫಾರೆಸ್ಟ್ ಲಾನ್‌ನಲ್ಲಿತ್ತು, ಆಮೇಲೆ ಮಕ್ಕಳು ಅದನ್ನು ಜೇಮ್ಸ್‌ಟೌನ್‌ನ ಲೇಕ್ ವ್ಯೂ ಸ್ಮಶಾನಕ್ಕೆ ತಂದರು. ಅವರು ತೀರಿಕೊಂಡ 1989ರ ಪತ್ರಿಕೆ ಒಂದು ಹೇಳುತ್ತದೆ, ಇಂದಿನ ಪುಟ ಇನ್ನೊಂದು ಹೇಳುತ್ತದೆ. ಎರಡೂ ಸರಿ.

ನಿಜವಾದ ಕೆಲಸ ನಡೆಯುವುದು ಫ್ಯಾಮಿಲಿಸರ್ಚ್‌ನಲ್ಲಿ. ಮಾರ್ಮನ್ ಚರ್ಚ್ ನಡೆಸುವ ಈ ವಂಶಾವಳಿ ದಾಖಲೆಗಳ ತಾಣಕ್ಕೆ ಖಾತೆ ತೆರೆದರೆ ಸಾಕು, ಶುಲ್ಕವಿಲ್ಲ. ಇಡೀ ಸಾಲಿನಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ಇದನ್ನೇ. ಒಳಹೊಕ್ಕ ತಕ್ಷಣ ‘ಫ್ಯಾಮಿಲಿ ಟ್ರೀ’ ಬಿಟ್ಟು ‘ರೆಕಾರ್ಡ್ಸ್’ ಕಡೆಗೆ ಹೋಗಬೇಕು. ವಂಶವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದು, ದಾಖಲೆಯ ಚಿತ್ರ ಹಾಗಲ್ಲ. ಹುಟ್ಟುಹೆಸರು, ತೆರೆಯ ಹೆಸರು, ಮದುವೆಯ ನಂತರದ ಹೆಸರು, ಮೂರರಲ್ಲೂ ಬೇರೆಬೇರೆಯಾಗಿ ಹುಡುಕಬೇಕು. ‘ಐ ಲವ್ ಲೂಸಿ’ಯ ಎಥೆಲ್ ಆಗಿ ಹೆಸರಾದ ವಿವಿಯನ್ ವ್ಯಾನ್ಸ್ 1909ರಲ್ಲಿ ಕಾನ್ಸಸ್‌ನ ಚೆರಿವೇಲ್‌ನಲ್ಲಿ ವಿವಿಯನ್ ರಾಬರ್ಟಾ ಜೋನ್ಸ್ ಆಗಿ ಹುಟ್ಟಿದವರು, ಕೊನೆಯ ಪತಿ ಜಾನ್ ಡಾಡ್ಸ್. ಬಾಲ್ಯದ ಜನಗಣತಿಯಲ್ಲಿ ‘ವ್ಯಾನ್ಸ್’ ಎಂದು ಹುಡುಕಿ ಫಲವಿಲ್ಲ.

ಅಮೆರಿಕದ ಜನಗಣತಿಯ ಹಾಳೆಗಳು 72 ವರ್ಷ ಗೌಪ್ಯವಾಗಿರುತ್ತವೆ. 1950ರದ್ದು ಹೊರಬಂದದ್ದು 2022ರ ಏಪ್ರಿಲ್ 1ಕ್ಕೆ. ಕಲಾವಿದರು ಮಗುವಾಗಿದ್ದಾಗಿನ ಗಣತಿಯೇ ಹೆಚ್ಚು ನಂಬಿಕೆಗೆ ಅರ್ಹ, ಎಂಟು ವರ್ಷದ ಹುಡುಗಿಯ ವಯಸ್ಸು ಇಳಿಸುವ ಅಗತ್ಯ ತಾಯಿಗೆ ಇರುವುದಿಲ್ಲ. ಅತಿ ಹೆಚ್ಚು ಜನ ಎಡವುವುದು ಲೆಕ್ಕದಲ್ಲಿ. ಗಣತಿಯ ವಯಸ್ಸು ಒಂದು ನಿಗದಿತ ದಿನದ್ದು: 1920ಕ್ಕೆ ಜನವರಿ 1; 1930, 1940 ಮತ್ತು 1950ಕ್ಕೆ ಏಪ್ರಿಲ್ 1. 1911ರ ಆಗಸ್ಟ್‌ನಲ್ಲಿ ಹುಟ್ಟಿದವರಿಗೆ 1920ರ ಗಣತಿಯಲ್ಲಿ 8, 1930ರಲ್ಲಿ 18, 1940ರಲ್ಲಿ 28 ಇರಬೇಕು. ವರ್ಷದಿಂದ ವಯಸ್ಸು ಕಳೆದರೆ ಮೂರು ಸಲವೂ 1912 ಬರುತ್ತದೆ! ಮೂರು ದಾಖಲೆ ಒಂದೇ ಮಾತು ಹೇಳುತ್ತಿವೆ ಎಂದು ತಪ್ಪು ವರ್ಷವನ್ನು ಗಟ್ಟಿಮಾಡಿಕೊಳ್ಳುವುದು ಹೀಗೆ. ಹುಟ್ಟುಹಬ್ಬ ಆ ವರ್ಷದ ಗಣತಿಯ ದಿನದ ನಂತರ ಬರುವುದಾದರೆ ಇನ್ನೂ ಒಂದು ವರ್ಷ ಕಳೆಯಬೇಕು. 1940ರ ಹಾಳೆಯಲ್ಲಿ ಇನ್ನೊಂದು ಅನುಕೂಲವಿದೆ: ಮಾಹಿತಿ ಕೊಟ್ಟವರ ಹೆಸರಿನ ಪಕ್ಕ ವೃತ್ತದೊಳಗೊಂದು ಗುಣಿಸು ಗುರುತು ಹಾಕಿರುತ್ತಾರೆ. ಹೇಳಿದ್ದು ತಾಯಿಯೋ, ಬಾಡಿಗೆ ಮನೆಯ ಒಡತಿಯೋ ಅಲ್ಲೇ ತಿಳಿಯುತ್ತದೆ.

ನಟರಾದರೆ ಎರಡನೇ ಮಹಾಯುದ್ಧದ ಸೇನಾ ನೋಂದಣಿ ಕಾರ್ಡ್ ನೋಡಲೇಬೇಕು. ಪೂರ್ತಿ ಜನ್ಮದಿನ, ಹುಟ್ಟೂರು, ಕೆಲಸ ಕೊಟ್ಟವರ ಹೆಸರು, ಸಹಿ ಎಲ್ಲವೂ ಒಂದೇ ಕಾರ್ಡಿನಲ್ಲಿ. ನಟಿಯರಿಗೆ ಈ ದಾರಿ ಇಲ್ಲ. ಸೋಷಿಯಲ್ ಸೆಕ್ಯೂರಿಟಿ ಎಂಬ ಸರ್ಕಾರಿ ಪಿಂಚಣಿ ವ್ಯವಸ್ಥೆಯ ಮರಣಸೂಚಿಯಲ್ಲಿ ಹೆಚ್ಚಿನವು 1962ರ ನಂತರದ ಸಾವುಗಳು. ಅಲ್ಲಿರುವ ‘ಕೊನೆಯ ವಾಸಸ್ಥಳ’ವನ್ನು ಸತ್ತ ಊರೆಂದು ಬರೆದುಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಎಷ್ಟೋ ನಮೂದುಗಳಲ್ಲಿ ಸತ್ತ ತಿಂಗಳು ಮಾತ್ರ ಇರುತ್ತದೆ, ದಿನ ಇರುವುದಿಲ್ಲ. ಹಾಲಿವುಡ್ ಭಾಗದಲ್ಲಿ ತೀರಿಕೊಂಡವರಿಗೆ 1940ರಿಂದ 1997ರವರೆಗಿನ ಕ್ಯಾಲಿಫೋರ್ನಿಯಾ ಮರಣಸೂಚಿ ಇನ್ನೂ ಉಪಯುಕ್ತ, ತಾಯಿಯ ತವರು ಮನೆತನದ ಹೆಸರು ಇರುವುದರಿಂದ ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಬಹುದು. ಫ್ಯಾಮಿಲಿಸರ್ಚ್‌ನ ಕೊರತೆ ಎಂದರೆ ಕೆಲವು ಚಿತ್ರಗಳು ಅವರ ಕೇಂದ್ರಕ್ಕೆ ಅಥವಾ ಸಹಯೋಗಿ ಗ್ರಂಥಾಲಯಕ್ಕೆ ಹೋದರೆ ಮಾತ್ರ ತೆರೆಯುತ್ತವೆ. ಚಿತ್ರ ನೋಡದೆ ಸೂಚಿಯ ಸಾಲನ್ನಷ್ಟೇ ನಂಬುವುದಾದರೆ ಹಾಗೆಂದು ಟಿಪ್ಪಣಿಯಲ್ಲಿ ಬರೆದಿಡಿ.

ಹಣ ಖರ್ಚು ಮಾಡುವುದಾದರೆ ಹಳೆಯ ಪತ್ರಿಕೆಗಳ ಪುಟಗಳಿರುವ ನ್ಯೂಸ್‌ಪೇಪರ್ಸ್ ಡಾಟ್ ಕಾಮ್‌ಗೆ ಒಂದು ತಿಂಗಳು ಸಾಕು. ಈಚಿನ ದಶಕಗಳ ಬಹಳಷ್ಟು ಪುಟಗಳು ‘ಪಬ್ಲಿಷರ್ ಎಕ್ಸ್‌ಟ್ರಾ’ ಎಂಬ ದುಬಾರಿ ಯೋಜನೆಯಲ್ಲಿವೆ, ಟಿವಿ ಕಲಾವಿದರ ಮರಣವಾರ್ತೆಗೆ ಸಾಮಾನ್ಯವಾಗಿ ಬೇಕಾಗುವುದು ಅದೇ. ಆಟೋ ರಿನ್ಯೂವಲ್ ನಿಲ್ಲಿಸಲು ಮರೆಯಬಾರದು. ಯಂತ್ರ ಓದಿದ ಅಕ್ಷರಗಳಲ್ಲಿ ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಕೂಡಿ ‘ಎಂ’ ಆಗುತ್ತದೆ, ‘ಸಿ’ ‘ಇ’ ಆಗುತ್ತದೆ. ಹೆಸರು ಸಿಗದಿದ್ದರೆ ಸರಣಿಯ ಹೆಸರು ಮತ್ತು ಊರು ಹಾಕಿ, ಸತ್ತ ವಾರಕ್ಕೆ ದಿನಾಂಕ ಕಟ್ಟಿ ಹುಡುಕಬೇಕು. ಎಪಿ ಅಥವಾ ಯುಪಿಐ ಸುದ್ದಿಸಂಸ್ಥೆ ಕಳಿಸಿದ ಸುದ್ದಿ ನಲವತ್ತು ಪತ್ರಿಕೆಗಳಲ್ಲಿ ಬಂದಿದ್ದರೂ ಅದು ಒಂದೇ ಆಧಾರ, ನಲವತ್ತಲ್ಲ. ಅದಕ್ಕಿಂತ ಹುಟ್ಟೂರಿನ ಸಣ್ಣ ಪತ್ರಿಕೆ ಮೇಲು: ಶಾಲೆ, ಅಣ್ಣತಮ್ಮಂದಿರು, ಊರು ಬಿಟ್ಟ ವರ್ಷ ಅಲ್ಲಿ ಸಿಗುತ್ತವೆ. ‘ಮಂಗಳವಾರ ನಿಧನರಾದರು’ ಎಂದಿದ್ದರೆ ಪತ್ರಿಕೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಮುಂದಿನ ವಾರದ ಸಂಚಿಕೆಗಳಲ್ಲಿ ತಿದ್ದುಪಡಿ ಬಂದಿದೆಯೇ ಎಂದೂ ನೋಡಿ. ಸಿಕ್ಕ ತುಣುಕನ್ನು ‘ಕ್ಲಿಪ್’ ಮಾಡಿಟ್ಟರೆ ಚಂದಾ ಇಲ್ಲದವರೂ ಅದನ್ನು ಓದಬಹುದು.

ಟೆಲಿವಿಷನ್ ಅಕಾಡೆಮಿ ಪ್ರತಿಷ್ಠಾನದ ವಿಡಿಯೊ ಸಂದರ್ಶನಗಳು ಉಚಿತ. 1990ರ ದಶಕದ ಉತ್ತರಾರ್ಧದಿಂದ ದಾಖಲಾಗುತ್ತಿರುವುದರಿಂದ ಅದಕ್ಕೂ ಮೊದಲು ತೀರಿಕೊಂಡವರು ಅಲ್ಲಿಲ್ಲ. ಹೆಸರಿನ ಉಚ್ಚಾರ, ಮೊದಲ ಕೆಲಸ, ಯಾರು ಅವಕಾಶ ಕೊಟ್ಟರು, ಇವಕ್ಕೆ ಸ್ವಂತ ಬಾಯಿಮಾತಿಗಿಂತ ಒಳ್ಳೆಯ ಆಧಾರ ಯಾವುದು? ಜನ್ಮವರ್ಷಕ್ಕೆ ಮಾತ್ರ ಅದು ಸಾಲದು. ಹಳೆಯ ಸಿನಿಮಾ, ಪ್ರಸಾರ ಕ್ಷೇತ್ರದ ಪತ್ರಿಕೆಗಳನ್ನು ಹುಡುಕಿಕೊಡುವ ಲ್ಯಾಂಟರ್ನ್ ಸಹ ಉಚಿತ. ಅದರಲ್ಲಿ ಅಭಿಮಾನಿ ಪತ್ರಿಕೆಗಳ ಜೀವನಚಿತ್ರಗಳನ್ನು ಬದಿಗಿಟ್ಟು ಉದ್ಯಮದವರಿಗಾಗಿ ಬರುತ್ತಿದ್ದ ಪತ್ರಿಕೆಗಳ ನೇಮಕ, ಒಪ್ಪಂದದ ಸುದ್ದಿಗಳನ್ನಷ್ಟೇ ತೆಗೆದುಕೊಳ್ಳಿ.

ವಿಕಿಪೀಡಿಯದಲ್ಲಿ ದಿನಾಂಕಕ್ಕಿಂತ ಪುಟದ ಇತಿಹಾಸ ಮುಖ್ಯ. ಆ ದಿನಾಂಕ ಯಾವತ್ತು ಸೇರಿತು ಎಂದು ನೋಡಿ, ಆಧಾರವಾಗಿ ಕೊಟ್ಟ ಲೇಖನ ಅದಕ್ಕಿಂತ ಈಚಿನದಾಗಿದ್ದರೆ ಲೇಖನವೇ ವಿಕಿಪೀಡಿಯದಿಂದ ಎತ್ತಿಕೊಂಡಿರಬಹುದು. ವಿಕಿಪೀಡಿಯದ ಜೊತೆಗಿನ ದತ್ತಾಂಶ ತಾಣವಾದ ವಿಕಿಡೇಟಾದಲ್ಲಿ ಆಧಾರದ ಜಾಗದಲ್ಲಿ ‘ಇಂಗ್ಲಿಷ್ ವಿಕಿಪೀಡಿಯದಿಂದ ತಂದದ್ದು’ ಎಂದಿದ್ದರೆ ಆಧಾರವಿಲ್ಲ ಎಂದೇ ಅರ್ಥ. ಅಂತ್ಯಕ್ರಿಯೆ ಸಂಸ್ಥೆಗಳ ಶ್ರದ್ಧಾಂಜಲಿ ಪುಟಗಳು ಕಾಣೆಯಾಗುತ್ತಿರುತ್ತವೆ, ಕಂಡ ತಕ್ಷಣ ಜಾಲಪುಟಗಳ ಪ್ರತಿ ಕಾಯ್ದಿಡುವ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಡಿ.

ಇಷ್ಟಾದ ಮೇಲೂ ಎರಡು ವರ್ಷಗಳ ನಡುವೆ ಜಗ್ಗಾಟ ಉಳಿದರೆ ಪ್ರಮಾಣಪತ್ರ ತರಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಂಬಂಧಿಕರಲ್ಲದವರಿಗೂ ‘ಇನ್ಫರ್ಮೇಷನಲ್’ ಪ್ರತಿ ಸಿಗುತ್ತದೆ. ಗುರುತಿನ ದಾಖಲೆಯಾಗಿ ಬಳಸುವಂತಿಲ್ಲ ಎಂದು ಅದರ ಮೇಲೆ ಮುದ್ರೆ ಇರುತ್ತದೆ, ಪರಿಶೀಲನೆಗೆ ಅದರಿಂದ ಅಡ್ಡಿಯಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ವಂಶಾವಳಿ ಸಂಶೋಧನೆಗೆ ಜನನ ದಾಖಲೆ 75 ವರ್ಷದ ನಂತರ, ಅದೂ ವ್ಯಕ್ತಿ ತೀರಿಕೊಂಡಿದ್ದರೆ ಕೊಡುತ್ತಾರೆ. ಮರಣ ದಾಖಲೆ 50 ವರ್ಷದ ನಂತರ. ನ್ಯೂಯಾರ್ಕ್ ನಗರದ ದಾಖಲೆಗಳ ಕಚೇರಿ ಬೇರೆ, ಅರ್ಜಿ ತಪ್ಪು ಕಡೆ ಹೋದರೆ ತಿಂಗಳುಗಳು ವ್ಯರ್ಥ. ಮರಣಪತ್ರ ಕೈಗೆ ಬಂದಾಗ ಅದನ್ನು ಎರಡು ಭಾಗವಾಗಿ ಓದಿ: ಸತ್ತ ದಿನ, ಸ್ಥಳ, ಕಾರಣ ವೈದ್ಯರು ಅಥವಾ ಸಾವಿನ ತನಿಖೆ ಮಾಡುವ ಅಧಿಕಾರಿ (ಕರೋನರ್) ಬರೆದದ್ದು, ಹುಟ್ಟಿದ ದಿನ, ಹೆತ್ತವರ ಹೆಸರು ‘ಇನ್ಫಾರ್ಮಂಟ್’ ಎಂದು ಸಹಿ ಮಾಡಿದವರು ಹೇಳಿದ್ದು. ಆ ಸಹಿ ಮೂರನೇ ಪತಿಯದೋ ಮ್ಯಾನೇಜರದೋ ಆಗಿದ್ದರೆ ಜನ್ಮವರ್ಷಕ್ಕೆ ಬಾಲ್ಯದ ಜನಗಣತಿಯನ್ನೇ ಮುಂದಿಟ್ಟುಕೊಳ್ಳಿ.