ಪಾಚಿ ಇಂಧನದ ಪೆನ್ನಿ ಷೇರೋ, ಎಥನಾಲ್ ಷೇರೋ?

ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರ ವಾಟ್ಸಾಪ್ ಗುಂಪಿಗೆ "ಪಾಚಿಯಿಂದ ಡೀಸೆಲ್, ಷೇರು ಬರೀ 8 ರೂಪಾಯಿ" ಅಂತ ಟಿಪ್ ಬಂತು ಅನ್ನಿ. ಅದನ್ನು ಪುಣೆಯ ಪ್ರಾಜ್ ಇಂಡಸ್ಟ್ರೀಸ್‌ನಂಥ, ಎಥನಾಲ್ ಘಟಕ ಕಟ್ಟಿಕೊಡುವ ಕಂಪನಿಯ ಪಕ್ಕಕ್ಕಿಟ್ಟು ನೋಡಿ.

ಪಾಚಿಯ ತೊಡಕೆಲ್ಲ ನೀರಿನಲ್ಲಿದೆ. ತೆರೆದ ಕೊಳದ ಒಂದು ಲೀಟರಿನಲ್ಲಿ ಅರ್ಧ ಗ್ರಾಂ ಪಾಚಿ ಇದ್ದರೆ, 1 ಕಿಲೋ ಒಣಪಾಚಿಗೆ 2,000 ಲೀಟರ್ ನೀರು ಬೇರ್ಪಡಿಸಬೇಕು. ಅದರಲ್ಲೂ ಎಣ್ಣೆ ಒಂದು ಪಾಲು ಮಾತ್ರ. ಪಾಚಿ ತಿನ್ನುವ ರೋಟಿಫರ್ ಎಂಬ ಸೂಕ್ಷ್ಮಜೀವಿ ಹೊಕ್ಕರೆ ಕೆಲವೇ ದಿನದಲ್ಲಿ ಕೊಳ ಬರಿದು. ಅಮೆರಿಕದ ಸೊಲಜೈಮ್ ಕಂಪನಿ ಕೊಳದ ಗೊಡವೆಯೇ ಬೇಡವೆಂದು ಟ್ಯಾಂಕಿನಲ್ಲಿ ಸಕ್ಕರೆ ಉಣಿಸಿ ಪಾಚಿ ಬೆಳೆಸಿತು. 2011ರಲ್ಲಿ 18 ಡಾಲರಿಗೆ ಐಪಿಒ, 2017ರಲ್ಲಿ ದಿವಾಳಿ.

ಎಥನಾಲಿಗೆ ಕಬ್ಬು, ಮೆಕ್ಕೆಜೋಳ ಇದೆ, ಕೊಳ್ಳಲು ತೈಲ ಕಂಪನಿಗಳಿವೆ. ಅಲ್ಲಿನ ಅಪಾಯ ನೀತಿಯದು: 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಎಥನಾಲಿಗೆ ಸರ್ಕಾರ ತಡೆ ಹಾಕಿತ್ತು.

ಪೆನ್ನಿ ಷೇರಿನ ನಿಜವಾದ ಪೆಟ್ಟು ಮಾರುವಾಗ. 5% ಲೋವರ್ ಸರ್ಕ್ಯೂಟ್ (ಒಂದು ದಿನದಲ್ಲಿ ಬೆಲೆ ಇಳಿಯಬಹುದಾದ ಮಿತಿ) 10 ದಿನ ಸತತ ಬಿದ್ದರೆ 8 ರೂಪಾಯಿ ಸುಮಾರು 4.80ಕ್ಕೆ ಇಳಿಯುತ್ತದೆ, ಕೊಳ್ಳುವವರೇ ಇರುವುದಿಲ್ಲ. ಇಂತಿಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಸ್ಟಾಪ್‌ಲಾಸ್ ಹಾಕಿದ್ದೂ ದಂಡ.

ಬಿಎಸ್ಇ ತಾಣದಲ್ಲಿ ಪ್ರವರ್ತಕರು ಸಾಲಕ್ಕೆ ಒತ್ತೆಯಿಟ್ಟ ಷೇರು, ಜಿಎಸ್ಎಂ ಪಟ್ಟಿ (ವಿಶೇಷ ನಿಗಾದಲ್ಲಿರುವ ಷೇರುಗಳದ್ದು), ನಗದು ಹರಿವು ನೋಡಿ. ಆದಾಯ ಆಹಾರಕ್ಕೆ ಬಳಸುವ ಸ್ಪಿರುಲಿನಾ ಪಾಚಿಪುಡಿಯದ್ದಾದರೆ ಅದು ಇಂಧನ ಕಂಪನಿಯೇ ಅಲ್ಲ.