ಕುಂಕುಮದ ಡಬ್ಬಿಗೆ ಪ್ಲಾಸ್ಟಿಕ್ ಕ್ಯಾನ್ವಾಸ್: ಯಾವ ಹಾಳೆ ತರಬೇಕು?

ಪ್ಲಾಸ್ಟಿಕ್ ಕ್ಯಾನ್ವಾಸ್ ಎಂದರೆ ಉಲ್ಲನ್ ದಾರದಿಂದ ಹೊಲಿಗೆ ಹಾಕಲು ಸಾಲುಸಾಲು ತೂತುಗಳಿರುವ ಪ್ಲಾಸ್ಟಿಕ್ ಹಾಳೆ. ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದಾಗ ಇಂಚಿಗೆ 7 ತೂತಿನ ಹಾಳೆಯನ್ನೇ ಕೇಳಿ. ಸಾಮಾನ್ಯ ನಾಲ್ಕೆಳೆ ಉಲ್ಲನ್‌ಗೆ ಅದೇ ಸರಿ. 10 ತೂತಿನದರಲ್ಲಿ ದಾರ ತುರುಕಿ ಹಾಳೆ ಬಾಗುತ್ತದೆ. ಸುರುಳಿ ಸುತ್ತಿಟ್ಟ ಹಾಳೆ ಬೇಡ. ಮೂಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ, ಬಿಳಿ ಗೆರೆ ಮೂಡಿದರೆ ಅಲ್ಲೇ ಬಿಟ್ಟು ಬನ್ನಿ.

ಸುಮಾರು 10.5 x 13.5 ಇಂಚಿನ ಒಂದು ಹಾಳೆಯಲ್ಲಿ ಅರಿಶಿನ-ಕುಂಕುಮದ ಡಬ್ಬಿ ಆರಾಮಾಗಿ ಆಗುತ್ತದೆ: ತಳ 21 x 21 ತೂತು, ಬದಿಗಳು ನಾಲ್ಕು, ತಲಾ 21 x 14. ಮುಚ್ಚಳವನ್ನೂ 21ಕ್ಕೇ ಕತ್ತರಿಸುವವರು ಬಹಳ. ಅಂಚಿಗೆ ಸುತ್ತಿದ ದಾರದ ದಪ್ಪ ಸೇರಿದ ಮೇಲೆ ಅದು ಕೂರುವುದೇ ಇಲ್ಲ! ಎರಡು ಮೂರು ತೂತು ಹೆಚ್ಚಿಗೆ ಬಿಡಿ.

ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಪುಟ್ಟ ಮುಳ್ಳುಗಳೇ ನಿಜವಾದ ಶತ್ರು. ದಾರ ಅವಕ್ಕೆ ಸಿಕ್ಕಿ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಉಗುರು ಕತ್ತರಿಯಿಂದ ಬುಡಕ್ಕೇ ತೆಗೆಯಿರಿ. ಮೊಂಡು ತುದಿಯ ಸೂಜಿ, ಒಂದು ಗಜ ಮೀರದ ದಾರ. ಗಂಟು ಹಾಕದೆ ತುದಿಯನ್ನು ಹಿಂಬದಿಯ ಹೊಲಿಗೆಯಡಿ ತೂರಿಸಿ. ಮೂಲೆಯ ತೂತಿಗೆ ಮೂರು ಸುತ್ತು ಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಇಣುಕುತ್ತದೆ.

ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಹಾಳೆ ಕರಗುತ್ತದೆ.