ಮಕ್ಕಳ ಹತ್ರ ಪ್ರಾಜೆಕ್ಟ್ ಮಾಡಿಸೋ ಮೇಷ್ಟ್ರು, ಮೇಡಂಗಳೇ, ಲಿಂಕ್ ಕಳಿಸೋಕೆ ಮುಂಚೆ ಇದನ್ನ ಓದಿ

ನಾನು ಮಂಡ್ಯ ಕಡೆ ಒಂದು ಪಿಯು ಕಾಲೇಜಲ್ಲಿ ಕನ್ನಡ ಹೇಳ್ಕೊಡ್ತೀನಿ. ಹೋದ ವರ್ಷ ಮಕ್ಕಳಿಗೆ ಒಂದು ಕೆಲ್ಸ ಕೊಟ್ಟಿದ್ದೆ, ಮನೇಲಿರೋ ಅಜ್ಜಿ, ಅಕ್ಕಪಕ್ಕದ ಅಜ್ಜಿಯರ ಹತ್ರ ಕೂತು ರಾಗಿ ಬೀಸೋ ಪದ, ಸೋಬಾನೆ ಪದ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಬರೋದು, ಯಾವ ಊರಲ್ಲಿ ಪದ ಹೇಗೆ ಬದಲಾಗುತ್ತೆ ಅಂತ ಮ್ಯಾಪ್ ಮೇಲೆ ಗುರುತು ಹಾಕೋದು. ಸಾಹಿತ್ಯ, ಸಂಸ್ಕೃತಿನ ಕಂಪ್ಯೂಟರ್, ಮೊಬೈಲ್ ಸಹಾಯದಿಂದ ಅಧ್ಯಯನ ಮಾಡೋದಕ್ಕೆ ಡಿಜಿಟಲ್ ಹ್ಯುಮ್ಯಾನಿಟೀಸ್ ಅಂತಾರಲ್ಲ, ನಮ್ಮ ಕೈಲಾದ ಮಟ್ಟಿಗೆ ಅದೇ. ಮಕ್ಕಳು ಬಹಳ ಖುಷಿಯಿಂದ ಮಾಡಿದ್ರು. ಒಂದೇ ಪದ ನಾಲ್ಕು ಮೈಲಿ ಆಚೆ ಬೇರೆ ಸೊಲ್ಲು ಸೇರಿಸ್ಕೊಂಡಿರೋದನ್ನ ಅವರೇ ಕಂಡುಹಿಡಿದ್ರು.

ತಪ್ಪು ಆಗಿದ್ದು ನನ್ನಿಂದ. ಗೂಗಲ್ ಫಾರ್ಮಲ್ಲಿ ಮಗುವಿನ ಹೆಸರು, ಮೊಬೈಲ್ ನಂಬರ್, ಊರು, ಅಜ್ಜಿ ಹೆಸರು, ವಯಸ್ಸು, ಮನೆ ಲೊಕೇಶನ್, ಫೋಟೋ ಎಲ್ಲಾ ಕೇಳಿದ್ದೆ. ಯಾಕೆ ಅಷ್ಟೆಲ್ಲಾ ಬೇಕಿತ್ತು ಅಂತ ಈಗ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಎಲ್ಲರೂ ಎಲ್ಲರ ಕೆಲ್ಸ ನೋಡ್ಲಿ ಅಂತ, ಫಾರ್ಮಿನ ಉತ್ತರಗಳೆಲ್ಲಾ ಬಂದು ಸೇರೋ ಶೀಟನ್ನ 'ಲಿಂಕ್ ಇರೋ ಯಾರು ಬೇಕಾದ್ರೂ ನೋಡಬಹುದು' ಅಂತ ಇಟ್ಟೆ, ಮ್ಯಾಪ್ ಜೊತೆ ಅದರ ಲಿಂಕನ್ನೂ ಫೇಸ್‌ಬುಕ್ಕಲ್ಲಿ ಹಾಕಿ ಎಲ್ಲರಿಗೂ ಶೇರ್ ಮಾಡಿ ಅಂದೆ, ಜನಾನೂ ಮಾಡಿದ್ರು.

ಹತ್ತು ದಿನ ಆಗಿರಲಿಲ್ಲ, ಒಬ್ಬ ಹುಡುಗಿ ಸ್ಟಾಫ್ ರೂಮ್ ಬಾಗ್ಲಲ್ಲಿ ನಿಂತ್ಕೊಂಡು ಅಳ್ತಾ ಇದ್ಲು. ಯಾರೋ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಮಾಡಿ, ನಿಮ್ಮಜ್ಜಿ ಚೆನ್ನಾಗಿ ಹಾಡ್ತಾರೆ, ನಿಮ್ಮನೆ ಮುಂದೆ ಹುಣಸೆಮರ ಇದೆ ಅಲ್ವಾ ಅಂದಿದ್ದಾನೆ. ಆಮೇಲೆ ಇನ್ನೊಂದು ಊರಿನ ಅಜ್ಜಿಗೆ ಫೋನ್, 'ಜಾನಪದ ಕಲಾವಿದರಿಗೆ ಮಾಸಾಶನ ಮಂಜೂರಾಗಿದೆ, ಮೊಬೈಲಿಗೆ ಬಂದ ನಂಬರ್ ಹೇಳಿ ತಾಯಿ' ಅಂತ. ಮಾಸಾಶನ ನಿಜವಾಗ್ಲೂ ಇರೋ ಯೋಜನೆ, ಹಾಡಿದ್ದೂ ನಿಜ, ಹೆಸರು ಊರು ವಯಸ್ಸು ಎಲ್ಲಾ ಸರಿ ಹೇಳ್ತಿದ್ದಾನೆ, ಆಯಮ್ಮ ನಂಬದೆ ಇರ್ತಾರಾ? 8,400 ರೂಪಾಯಿ ಹೋಯ್ತು. ಮೊಮ್ಮಗನಿಗೆ ಗೊತ್ತಾಗಿದ್ದು ಎರಡು ದಿನ ಆದ್ಮೇಲೆ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡೋ ಹೊತ್ತಿಗೆ ದುಡ್ಡು ಕೈ ಬದಲಾಗಿತ್ತು.

ಆ ಅಜ್ಜಿ ನಂಬರ್ ನನ್ನ ಶೀಟಲ್ಲಿ ಇರಲೇ ಇಲ್ಲ. ಹೇಗೆ ಸಿಕ್ತು ಅಂತ ಫೋಟೋ ದೊಡ್ಡದು ಮಾಡಿ ನೋಡಿದ್ರೆ, ಅವರು ಜಗಲಿ ಮೇಲೆ ಕೂತಿರೋ ಹಿಂದಿನ ಗೋಡೆ ಮೇಲೆ ಇದ್ದಿಲಲ್ಲಿ ಮೂರ್ನಾಲ್ಕು ಫೋನ್ ನಂಬರ್ ಬರೆದಿದೆ, ಮೊದಲನೇದೇ ಅವರದ್ದು. ಕ್ವಾಲಿಟಿ ಹೋಗಬಾರದು ಅಂತ ಒರಿಜಿನಲ್ ಫೋಟೋನೇ ಡ್ರೈವಿಗೆ ಹಾಕಿಸಿದ್ದೆ, ಲೊಕೇಶನ್ ಆನ್ ಇದ್ದ ಕ್ಯಾಮೆರಾದಲ್ಲಿ ತೆಗೆದಿದ್ರೆ ಎಲ್ಲಿ ತೆಗೆದಿದ್ದು ಅನ್ನೋದು ಫೈಲ್ ಒಳಗೇ ಕೂತಿರುತ್ತೆ. ವಾಟ್ಸಾಪಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದ್ರೆ ಆ ಲೊಕೇಶನ್ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದ್ರೆ ಉಳ್ಕೊಳ್ಳುತ್ತೆ. ಇದು ನನಗೆ ಗೊತ್ತಿರಲಿಲ್ಲ.

ನನಗೆ ಜಾಸ್ತಿ ನೋವಾಗೋದು ಇನ್ನೊಂದಕ್ಕೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳ್ತಲ್ಲ, ಆ ಅರ್ಜಿ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಅಂತ ಇದೇ ಮಕ್ಕಳಿಗೆ ಹೆಮ್ಮೆಯಿಂದ ಹೇಳಿದವಳು ನಾನು. 18 ತುಂಬದ ಮಕ್ಕಳ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೇಲೂ ಇದೆ. ನಾನು ಒಬ್ಬರ ಮನೆಗೂ ಹೋಗಿ ಕೇಳಿರಲಿಲ್ಲ.

ಈ ವರ್ಷ ಫಾರ್ಮಲ್ಲಿ ರೋಲ್ ನಂಬರ್ ಮಾತ್ರ, ಅಜ್ಜಿಗೆ ಹೆಸರಿನ ಬದಲು ಒಂದು ಗುರುತು, ಮ್ಯಾಪಲ್ಲಿ ಮನೆ ಮೇಲೆ ಅಲ್ಲ ಹೋಬಳಿ ಮೇಲೆ ಚುಕ್ಕಿ. ಲಿಂಕ್ ಕಳಿಸೋಕೆ ಮುಂಚೆ ಲಾಗಿನ್ ಇಲ್ಲದ ಇನ್‌ಕಾಗ್ನಿಟೋ ವಿಂಡೋದಲ್ಲಿ ತೆಗೆದು, ಹೊರಗಿನವರಿಗೆ ಏನು ಕಾಣುತ್ತೆ ಅಂತ ನಾನೇ ನೋಡ್ತೀನಿ, ನೀವೂ ಇವತ್ತೇ ನಿಮ್ಮ ಹಳೇ ಶೀಟೆಲ್ಲಾ ಹಾಗೆ ಒಂದ್ಸಲ ತೆಗೆದು ನೋಡಿ. ಅಜ್ಜಿಯರನ್ನೂ ಕೇಳ್ತೀವಿ. ಒಬ್ಬರು ಅಂದ್ರು, 'ಪದ ಹಾಕ್ಕೊ ಮಗ, ಮಕ ಬ್ಯಾಡ'.

ಹಳೇ ಲಿಂಕ್ ನಾನು ಮುಚ್ಚಿದ್ದೀನಿ, ಆದ್ರೆ ಆಗಲೇ ಕಾಪಿ ಮಾಡ್ಕೊಂಡಿರೋದು ನನ್ನ ಕೈಲಿ ಅಳಿಸೋಕಾಗಲ್ಲ. ಬೀಸೋ ಪದದ ಆ ಶೀಟು, ಇಲ್ಲಾ ಅದರ ಸ್ಕ್ರೀನ್‌ಶಾಟ್ ನಿಮ್ಮಲ್ಲಿ ಯಾರ ಹತ್ರ ಇದ್ರೂ ದಯವಿಟ್ಟು ಡಿಲೀಟ್ ಮಾಡಿ, ಯಾರಿಗೆ ಫಾರ್ವರ್ಡ್ ಮಾಡಿದ್ರೋ ಅವರಿಗೂ ಹೇಳಿ.